ಕವಾಟದೊಡನೆ ಲಯವೂ ಸರಿಯಾಗಲಿ

ಮಾಕವಳ್ಳಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಎಂಬುದು ಇಂದು ಅಪರೂಪದ ಮಾತಾಗಿ ಉಳಿದಿಲ್ಲ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಬಂದವರಿಲ್ಲದ ಊರು ವಿರಳ. ಅಂಥ ಮನೆಗಳಿಗೆ ನಾವು ಭೇಟಿ ನೀಡಿದಾಗ ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆ ಒಂದೇ: "ಎದೆ ಮೂಳೆ ಕುಯ್ದೇನೇ, ಪಕ್ಕದಲ್ಲಿ ಸಣ್ಣ ಗಾಯ ಮಾಡಿ ವಾಲ್ವ್ ಹಾಕ್ತಾರಂತಲ್ಲ ಸ್ವಾಮಿ, ನಮಗೂ ಹಂಗೇ ಮಾಡ್ತಾರಾ?" ಕಬ್ಬು ಕಡಿಯುವವರಿಗೆ, ಗಾಡಿಗೆ ಹೊರೆ ಹೇರುವವರಿಗೆ, ಎದೆಯ ಮೂಳೆ ಕೂಡಿಕೊಳ್ಳುವ ತನಕ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತಿರುವುದೆಂದರೆ ಕೂಲಿ ಹೋದಂತೆಯೇ ಸರಿ. ಆದುದರಿಂದ ಈ ಪ್ರಶ್ನೆ ಸಹಜವಾದುದು, ನ್ಯಾಯವಾದುದು.

ಆದರೆ ಇದಕ್ಕಿಂತಲೂ ತೂಕದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಕವಾಟದ ಕಾಯಿಲೆಯೊಂದಿಗೆ ಹೃದಯದ ಬಡಿತದ ಲಯವೂ ತಪ್ಪಿದ್ದರೆ, ಕವಾಟವನ್ನು ಸರಿಪಡಿಸುವ ಅದೇ ಶಸ್ತ್ರಚಿಕಿತ್ಸೆಯಲ್ಲಿ ಆ ಲಯವನ್ನೂ ಸರಿಪಡಿಸಬಹುದೇ? ಈ ವಾರ ವಾಚಕ ಬಂಧುಗಳೊಡನೆ ನಾವು ವಿಚಾರ ಮಾಡಬಯಸುವುದು ಈ ಎರಡನೆಯ ಪ್ರಶ್ನೆಯನ್ನು ಕುರಿತು.

ಗಂಟಲಿನಿಂದ ಹೃದಯಕ್ಕೆ

ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಯಾದ ಹೃತ್ಕರ್ಣಕ್ಕೂ ಕೆಳಗಿನ ಕೋಣೆಯಾದ ಹೃತ್ಕುಕ್ಷಿಗೂ ನಡುವೆ ಎರಡು ಎಸಳುಗಳ ಕವಾಟವೊಂದಿದೆ. ನಮ್ಮ ಧರ್ಮಾಧ್ಯಕ್ಷರು ಪೂಜಾಸಮಯದಲ್ಲಿ ಧರಿಸುವ, ಎರಡು ಪಾರ್ಶ್ವಗಳುಳ್ಳ ಶಿರೋಭೂಷಣಕ್ಕೆ 'ಮೈಟರ್' ಎಂದು ಹೆಸರು. 16ನೆಯ ಶತಮಾನದ ಅಂಗರಚನಾ ಶಾಸ್ತ್ರಜ್ಞ ವೆಸೇಲಿಯಸ್ ಈ ಕವಾಟವನ್ನು ಅದಕ್ಕೆ ಹೋಲಿಸಿದ್ದರಿಂದ 'ಮೈಟ್ರಲ್ ಕವಾಟ' ಎಂಬ ಹೆಸರು ನಿಂತಿತು.

ನಮ್ಮ ನಾಡಿನಲ್ಲಿ ಈ ಕವಾಟ ಕೆಡುವುದಕ್ಕೆ ಬಹುಮಟ್ಟಿಗೆ ಕಾರಣವಾಗಿ ಬಂದಿರುವುದು ಬಾಲ್ಯದ ಒಂದು ಗಂಟಲುನೋವು. 5ರಿಂದ 15 ವರ್ಷದೊಳಗಿನ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ಕೆಟ್ಟು, ತಕ್ಕ ಚಿಕಿತ್ಸೆ ದೊರೆಯದೆ ಹೋದರೆ, ಕೆಲವರಲ್ಲಿ ಎರಡು ಮೂರು ವಾರಗಳ ತರುವಾಯ ಕೀಲುಗಳು ಊದಿಕೊಂಡು ರುಮ್ಯಾಟಿಕ್ ಜ್ವರ ಬರುತ್ತದೆ. ಕೀಲುನೋವು ಬಂದ ಹಾಗೆಯೇ ಹೋಗುತ್ತದೆ. ಕವಾಟದ ಮೇಲಿನ ಗಾಯ ಮಾತ್ರ ಉಳಿಯುತ್ತದೆ. ವರ್ಷಗಳು ಕಳೆದಂತೆ ಎಸಳುಗಳು ದಪ್ಪವಾಗಿ, ಒಂದಕ್ಕೊಂದು ಅಂಟಿ, ಬಾಗಿಲು ಕಿರಿದಾಗುತ್ತದೆ. ಇಲ್ಲವೇ ಮುಚ್ಚಲಾರದೆ ಸೋರುತ್ತದೆ. ಹೆಣ್ಣುಮಕ್ಕಳಲ್ಲಿ ಬಾಗಿಲು ಕಿರಿದಾಗುವ ತೊಂದರೆ ಹೆಚ್ಚು; ಎಷ್ಟೋ ವೇಳೆ ಮೊದಲ ಬಸಿರಿನಲ್ಲಿ ಉಸಿರು ಕಟ್ಟಿದಾಗಲೇ ಅದು ಬೆಳಕಿಗೆ ಬರುವುದುಂಟು.

ಬಾಗಿಲು ಕಿರಿದಾದವರಲ್ಲಿ ಅನೇಕರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳದಂತೆ, ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಕಳುಹಿಸಿ ಅದನ್ನು ಅಗಲಿಸುವ ಮಾರ್ಗವೊಂದಿದೆ. 1982ರಲ್ಲಿ ಜಪಾನಿನ ಡಾ. ಕಾಂಜಿ ಇನೊಯೆ ಇದನ್ನು ಮೊದಲಿಗೆ ಮಾಡಿದರು. ನಮ್ಮ ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನವರೇ ಆದ, 2024ರ ಜನವರಿಯವರೆಗೆ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರು ಹೆಸರುವಾಸಿಯಾದುದು ಈ ಬಲೂನ್ ಚಿಕಿತ್ಸೆಯಲ್ಲಿಯೇ. ಆದರೆ ಕವಾಟ ಗಡುಸಾಗಿ ಸುಣ್ಣಗಟ್ಟಿದ್ದರೆ, ಬಹಳವಾಗಿ ಸೋರುತ್ತಿದ್ದರೆ, ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬಲೂನು ಸಲ್ಲದು. ಆಗ ಶಸ್ತ್ರಚಿಕಿತ್ಸೆಯೇ ಗತಿ.

ನೀರುಗಂಟಿಯ ಮಾತು ಕೇಳದ ಗದ್ದೆ

ಕಿರಿದಾದ ಬಾಗಿಲ ಹಿಂದೆ ರಕ್ತದ ಒತ್ತಡ ಹೆಚ್ಚಿ ಎಡ ಹೃತ್ಕರ್ಣ ಹಿಗ್ಗುತ್ತಾ ಹೋಗುತ್ತದೆ. ಹಿಗ್ಗಿದ ಗೋಡೆಯಲ್ಲಿ ನಾರು ಬೆಳೆಯುತ್ತದೆ. ಲಯ ತಪ್ಪುವುದು ಇಲ್ಲಿಂದ ಮೊದಲು.

ಹೇಮಾವತಿ ನಾಲೆಯ ನೀರು ಕಂಡ ನಮ್ಮ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹಿಂದೆ ಊರೂರಿನಲ್ಲಿ ನೀರುಗಂಟಿ ಇರುತ್ತಿದ್ದ. ಯಾವ ತೂಬು ಯಾವಾಗ ತೆರೆಯಬೇಕು, ಯಾರ ಗದ್ದೆಗೆ ಮೊದಲು ನೀರು ಹರಿಯಬೇಕು ಎಂಬುದು ಅವನೊಬ್ಬನ ಮಾತು. ಹೃದಯದಲ್ಲಿಯೂ ಅಂಥ ನೀರುಗಂಟಿಯೊಬ್ಬನಿದ್ದಾನೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ 'ಸೈನಸ್ ಗಂಟು' ಎಂಬ ಈ ಪುಟ್ಟ ಅಂಗಾಂಶವನ್ನು 1907ರಲ್ಲಿ ಇಂಗ್ಲೆಂಡಿನ ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು ಗುರುತಿಸಿದರು. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಬಾರಿ ಇದು ವಿದ್ಯುತ್ ಸಂಜ್ಞೆಯನ್ನು ಕೊಡುತ್ತದೆ. ಮೇಲಿನ ಕೋಣೆಗಳು ಮೊದಲು, ಕೆಳಗಿನವು ಅನಂತರ, ಕ್ರಮವಾಗಿ ಕುಗ್ಗುತ್ತವೆ.

ಹಿಗ್ಗಿ ನಾರುಗಟ್ಟಿದ ಹೃತ್ಕರ್ಣದಲ್ಲಿ ನೀರುಗಂಟಿಯ ಮಾತು ನಡೆಯುವುದಿಲ್ಲ. ಕಂಡಕಂಡವರು ತೂಬು ತೆರೆದಂತೆ ಅಲ್ಲಲ್ಲಿ ಸಂಜ್ಞೆಗಳು ಎದ್ದು, ಸುಳಿಸುಳಿಯಾಗಿ ತಿರುಗಿ, ನಿಮಿಷಕ್ಕೆ 350ರಿಂದ 600ರವರೆಗೂ ಏರುತ್ತವೆ. ಕೋಣೆ ಕುಗ್ಗುವುದನ್ನು ಬಿಟ್ಟು ಬರಿದೆ ಅದುರತೊಡಗುತ್ತದೆ. ಇದನ್ನು ವೈದ್ಯರು 'ಏಟ್ರಿಯಲ್ ಫಿಬ್ರಿಲೇಷನ್' ಎನ್ನುತ್ತಾರೆ. ನಾವು ಹೃತ್ಕರ್ಣದ ಕಂಪನ ಎನ್ನೋಣ. ಮಣಿಕಟ್ಟಿನ ನಾಡಿ ಆಗ ಯಾವ ಎಣಿಕೆಗೂ ಸಿಕ್ಕದೆ, ಒಮ್ಮೆ ಬೇಗ, ಒಮ್ಮೆ ತಡವಾಗಿ, ಒಮ್ಮೆ ಬಲವಾಗಿ, ಒಮ್ಮೆ ಕ್ಷೀಣವಾಗಿ ಬಡಿಯುತ್ತದೆ.

ಎದೆ ಹೊಡೆದುಕೊಳ್ಳುವುದು, ದಣಿವು, ಏದುಸಿರು ಇವೆಲ್ಲ ಅದರ ಕಾಣುವ ಫಲಗಳು. ಕಾಣದ ಅಪಾಯ ಇನ್ನೂ ದೊಡ್ಡದು. ಕುಗ್ಗದ ಕೋಣೆಯಲ್ಲಿ ರಕ್ತ ನಿಂತ ನೀರಾಗುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡಂತೆ ಕಿವಿಯಾಕಾರದ ಒಂದು ಚಿಕ್ಕ ಚೀಲವಿದೆ. ಅದರೊಳಗೆ ರಕ್ತ ಹೆಪ್ಪುಗಟ್ಟುವುದು ಸುಲಭ. ಆ ಹೆಪ್ಪಿನ ಚೂರು ಒಂದು ದಿನ ಮಿದುಳಿಗೆ ಹೋದರೆ ಅದೇ ಲಕ್ವ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಜನರನ್ನು ದೀರ್ಘಕಾಲ ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರಿಯ ಕಂಪನವಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ 5 ಪಟ್ಟಿಗೂ ಹೆಚ್ಚು. ರುಮ್ಯಾಟಿಕ್ ಕವಾಟರೋಗವೂ ಕೂಡಿದ್ದವರಿಗೆ 17 ಪಟ್ಟು. ದುಡಿಯುವ ವಯಸ್ಸಿನ ತಾಯಿಯೊಬ್ಬಳು ಬೆಳಗಾಗುವುದರೊಳಗೆ ಮಾತು ಕಳೆದುಕೊಂಡು ಮಲಗುವ ದುರಂತಕ್ಕೆ ಮೂಲ ಎಷ್ಟೋ ಬಾರಿ ಇಲ್ಲಿರುತ್ತದೆ.

ಕಾರಣ ಹೋದರೂ ಉಳಿಯುವ ಕಾರ್ಯ

ಇಲ್ಲಿ ಒಂದು ಸಂದೇಹ ಏಳುವುದು ಯುಕ್ತ. ಕವಾಟ ಕೆಟ್ಟದ್ದರಿಂದಲ್ಲವೇ ಲಯ ತಪ್ಪಿದ್ದು? ಕವಾಟವನ್ನು ಸರಿಪಡಿಸಿದರೆ ಲಯ ತಾನಾಗಿ ಸರಿಹೋಗಬೇಡವೇ? ಕಾರಣ ನಿಂತರೆ ಕಾರ್ಯವೂ ನಿಲ್ಲುವುದೆಂಬುದು ಮಧ್ಯಯುಗದ ತತ್ವಶಾಸ್ತ್ರದ ಪ್ರಸಿದ್ಧ ಸೂತ್ರ. ಆದರೆ ಸಂತ ಥಾಮಸ್ ಅಕ್ವಿನಾಸರು ಇದರಲ್ಲಿ ಒಂದು ಸೂಕ್ಷ್ಮ ಭೇದವನ್ನು ಕಂಡಿದ್ದರು. ಸೂರ್ಯ ಮುಳುಗಿದರೆ ಬೆಳಕೂ ಹೋಗುತ್ತದೆ. ಆದರೆ ಮನೆ ಕಟ್ಟಿದ ಗಾರೆಯವನು ಹೊರಟುಹೋದರೂ ಮನೆ ನಿಂತಿರುತ್ತದೆ. ಒಂದು ವಸ್ತುವನ್ನು ಉಂಟುಮಾಡುವ ಕಾರಣ ಬೇರೆ, ಅದನ್ನು ಉಳಿಸಿಕೊಂಡು ಬರುವ ಕಾರಣ ಬೇರೆ.

ಲಯದ ರೋಗ ಈ ಎರಡನೆಯ ಜಾತಿಗೆ ಸೇರಿದ್ದು. 1995ರಲ್ಲಿ ಹಾಲೆಂಡಿನ ಮಾಸ್ಟ್ರಿಕ್ಟ್ ನಗರದ ಸಂಶೋಧಕರು ಆರೋಗ್ಯವಂತ ಆಡುಗಳ ಹೃತ್ಕರ್ಣದಲ್ಲಿ ಯಂತ್ರದ ಮೂಲಕ ಮತ್ತೆ ಮತ್ತೆ ಕಂಪನವನ್ನು ಉಂಟುಮಾಡಿ ನೋಡಿದರು. ಮೊದಮೊದಲು ಕಂಪನ ಕ್ಷಣಗಳಲ್ಲಿ ತಾನಾಗಿ ನಿಲ್ಲುತ್ತಿತ್ತು. ದಿನ ಕಳೆದಂತೆ ನಿಲ್ಲುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ ಬಹುತೇಕ ಆಡುಗಳಲ್ಲಿ ಅದು ನಿಲ್ಲದೆ ಮುಂದುವರಿಯಿತು. ಕಂಪನ ಕಂಪನವನ್ನೇ ಹೆರುತ್ತದೆ ಎಂಬುದು ಅವರ ತೀರ್ಮಾನ. ಕವಾಟ ಹಚ್ಚಿದ ಬೆಂಕಿ ತನ್ನ ಸೌದೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಆದುದರಿಂದ ಬಹುಕಾಲದ ಕಂಪನವಿರುವವರಿಗೆ ಕವಾಟವೊಂದನ್ನೇ ಬದಲಾಯಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ.

ಬದು ಹಾಕುವ ಚಿಕಿತ್ಸೆ

ಉಳಿದರ್ಧಕ್ಕೆ ದಾರಿ ತೋರಿದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ಡಾ. ಜೇಮ್ಸ್ ಕಾಕ್ಸ್. ಸುಳಿಯಾಗಿ ತಿರುಗುವ ಸಂಜ್ಞೆಗೆ ತಿರುಗಲು ಜಾಗವೇ ಇಲ್ಲದಂತೆ ಮಾಡಿದರೆ ಅದು ನಿಲ್ಲಬೇಕಷ್ಟೆ ಎಂಬುದು ಅವರ ವಿಚಾರ. 1987ರ ಸೆಪ್ಟೆಂಬರ್‌ನಲ್ಲಿ ಅವರು ಮೊದಲ ಬಾರಿಗೆ ರೋಗಿಯೊಬ್ಬರ ಹೃತ್ಕರ್ಣಗಳನ್ನು ಗೊತ್ತಾದ ಗೆರೆಗಳಲ್ಲಿ ಕತ್ತರಿಸಿ ಮತ್ತೆ ಹೊಲಿದರು. ಹೊಲಿದ ಗೆರೆ ಗಾಯದ ಕಲೆಯಾಗುತ್ತದೆ. ಕಲೆಯ ಮೂಲಕ ವಿದ್ಯುತ್ ಹರಿಯದು. ಗದ್ದೆಯಲ್ಲಿ ಬದುಗಳನ್ನು ಹಾಕಿ, ಬೇಕಾದ ಕಡೆ ಮಾತ್ರ ಮಡೆ ಬಿಟ್ಟರೆ ನೀರು ಒಂದೇ ದಾರಿಯಲ್ಲಿ ಹರಿಯುವುದಲ್ಲವೇ, ಹಾಗೆ. ಹೊರಗಿನ ದಾರಿಗಳೆಲ್ಲ ಕಟ್ಟಿಹೋಗಿ ಒಂದೇ ದಾರಿ ಉಳಿಯುವ ಈ ಚಕ್ರವ್ಯೂಹಕ್ಕೆ 'ಮೇಜ್' ಎಂದು ಹೆಸರಾಯಿತು.

ಮೊದಲ ವಿಧಾನ ಪರಿಣಾಮಕಾರಿಯಾಗಿದ್ದರೂ ದೀರ್ಘವಾದುದು, ರಕ್ತಸ್ರಾವದ ಭಯವುಳ್ಳದ್ದು. ಮುಂದೆ ಕತ್ತರಿಯ ಬದಲು ರೇಡಿಯೋ ತರಂಗಗಳ ಶಾಖದಿಂದ ಸುಡುವ, ಇಲ್ಲವೇ ಲೋಹದ ಸಲಾಕೆಯನ್ನು ಸೊನ್ನೆಗಿಂತ ಸುಮಾರು 60 ಡಿಗ್ರಿ ಅಥವಾ ಅದಕ್ಕೂ ಕೆಳಗೆ ತಣ್ಣಗಾಗಿಸಿ ಎರಡು ಮೂರು ನಿಮಿಷ ಒತ್ತಿ ಹಿಡಿದು ಅಂಗಾಂಶವನ್ನು ಹೆಪ್ಪುಗಟ್ಟಿಸುವ ಉಪಕರಣಗಳು ಬಂದವು. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು, ಕಂಪನವನ್ನು ಎಬ್ಬಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿಯಲ್ಲಿವೆಯೆಂದು ತೋರಿಸಿಕೊಟ್ಟರು. ಆ ಬಾಯಿಗಳ ಸುತ್ತ ಬದು ಹಾಕುವುದು ಅಂದಿನಿಂದ ಈ ಚಿಕಿತ್ಸೆಯ ತಿರುಳಾಗಿದೆ.

ಈ ಉಪಕರಣಗಳಿಂದಾಗಿಯೇ ಸಣ್ಣ ಗಾಯದ ಮೂಲಕವೂ ಈ ಕೆಲಸ ಸಾಧ್ಯವಾಯಿತು. ಬಲಪಕ್ಕೆಯಲ್ಲಿ, ಎರಡು ಪಕ್ಕೆಲುಬುಗಳ ನಡುವೆ, ಸುಮಾರು 5ರಿಂದ 7 ಸೆಂಟಿಮೀಟರ್ ಉದ್ದದ ಗಾಯ. ಪಕ್ಕದಲ್ಲಿ ಕ್ಯಾಮೆರಾ ತೂರಿಸಲು ಒಂದು ಕಿಂಡಿ. ಹೃದಯದ ಮತ್ತು ಶ್ವಾಸಕೋಶದ ಕೆಲಸವನ್ನು ತಾತ್ಕಾಲಿಕವಾಗಿ ವಹಿಸಿಕೊಳ್ಳುವ ಯಂತ್ರಕ್ಕೆ ತೊಡೆಸಂದಿನ ರಕ್ತನಾಳಗಳಿಂದ ಸಂಪರ್ಕ. ಹೃದಯವನ್ನು ನಿಲ್ಲಿಸಿ, ಎಡ ಹೃತ್ಕರ್ಣವನ್ನು ತೆರೆದರೆ, ಕೆಟ್ಟ ಕವಾಟ ಎದುರಿಗೇ ಇರುತ್ತದೆ. ಬದು ಹಾಕಬೇಕಾದ ಗೋಡೆಯೂ ಅದೇ ಕೋಣೆಯದು. ಹೆಪ್ಪುಗಟ್ಟುವ ಚೀಲದ ಬಾಯಿಯೂ ಅಲ್ಲಿಯೇ. ಮೂರು ಕೆಲಸಕ್ಕೆ ಒಂದೇ ಬಾಗಿಲು. ಈ ಬಾಗಿಲು ಮನುಷ್ಯನ ಜೀವಿತದಲ್ಲಿ ಮತ್ತೆ ಮತ್ತೆ ತೆರೆಯುವಂಥದಲ್ಲ. ಗಾಯ ಸಣ್ಣದೆಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಸಣ್ಣದಲ್ಲವೆಂಬುದನ್ನೂ ಇದರಿಂದ ಮನಗಾಣಬಹುದು.

ಅಂಕಿ ಅಂಶಗಳ ಸಾಕ್ಷ್ಯ

ಇದು ಬರಿಯ ಆಶಯವೋ ಪರೀಕ್ಷೆಗೆ ನಿಂತ ಸತ್ಯವೋ ಎಂದು ಕೇಳುವುದು ವಿವೇಕ. 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಗೆ ಬಂದ, ಬಿಡದ ಕಂಪನವಿದ್ದ 260 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಕವಾಟದೊಡನೆ ಲಯಕ್ಕೂ ಚಿಕಿತ್ಸೆ ಪಡೆದವರಲ್ಲಿ ಶೇ. 63 ಮಂದಿ ಆರನೆಯ ತಿಂಗಳಲ್ಲಿಯೂ ಹನ್ನೆರಡನೆಯ ತಿಂಗಳಲ್ಲಿಯೂ ಕಂಪನದಿಂದ ಮುಕ್ತರಾಗಿದ್ದರು. ಕವಾಟಕ್ಕೆ ಮಾತ್ರ ಚಿಕಿತ್ಸೆ ಪಡೆದವರಲ್ಲಿ ಶೇ. 29 ಮಂದಿ. ಒಂದು ವರ್ಷದೊಳಗಿನ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಲಯಚಿಕಿತ್ಸೆ ಪಡೆದವರಲ್ಲಿ ಪೇಸ್‌ಮೇಕರ್ ಅಳವಡಿಸಬೇಕಾಗಿ ಬಂದದ್ದು ಎರಡು ಪಟ್ಟಿಗಿಂತಲೂ ಹೆಚ್ಚು. ಬೆಲೆಯಿಲ್ಲದೆ ಬರುವ ಲಾಭವಲ್ಲ ಇದು.

ಹೆಪ್ಪುಗಟ್ಟುವ ಚೀಲದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸ್ಪಷ್ಟ. ಕೆನಡಾದ ವೈದ್ಯರ ನೇತೃತ್ವದಲ್ಲಿ, ಕಂಪನವಿದ್ದು ಬೇರೆ ಕಾರಣಕ್ಕೆ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 4,700ಕ್ಕೂ ಹೆಚ್ಚು ಮಂದಿಯಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸರಾಸರಿ 3.8 ವರ್ಷಗಳ ಅವಧಿಯಲ್ಲಿ, ಚೀಲವನ್ನು ಮುಚ್ಚಿಸಿಕೊಂಡವರಲ್ಲಿ ಶೇ. 4.8 ಮಂದಿಗೂ ಮುಚ್ಚಿಸಿಕೊಳ್ಳದವರಲ್ಲಿ ಶೇ. 7 ಮಂದಿಗೂ ಪಾರ್ಶ್ವವಾಯು ಅಥವಾ ದೇಹದ ಬೇರೆಡೆ ಹೆಪ್ಪು ಸಿಲುಕಿದ ತೊಂದರೆ ಉಂಟಾಯಿತು.

ಇನ್ನು ಸಣ್ಣ ಗಾಯದ ಲಾಭವೆಷ್ಟು? ಬ್ರಿಟನ್ನಿನಲ್ಲಿ ಸೋರುವ ಮೈಟ್ರಲ್ ಕವಾಟದ ದುರಸ್ತಿಗೆ ಬಂದ 330 ಮಂದಿಯನ್ನು ಹೋಲಿಸಿ 2023ರಲ್ಲಿ ವರದಿ ಪ್ರಕಟವಾಯಿತು. ಸಣ್ಣ ಗಾಯದವರು ಆಸ್ಪತ್ರೆಯಿಂದ ಸುಮಾರು ಒಂದು ದಿನ ಮುಂಚೆ ಮನೆಗೆ ಹೋದರು. ಮೊದಲ ವಾರಗಳಲ್ಲಿ ಹೆಚ್ಚು ಚಟುವಟಿಕೆಯಿಂದಿದ್ದರು. ಹನ್ನೆರಡನೆಯ ವಾರದ ಹೊತ್ತಿಗೆ ಎರಡೂ ಗುಂಪಿನವರು ಸಮನಾಗಿದ್ದರು. ದುರಸ್ತಿಯ ಗುಣಮಟ್ಟದಲ್ಲಿ ಭೇದವಿರಲಿಲ್ಲ. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ತೋರುವ ತಾತ್ಪರ್ಯವಿಷ್ಟು: ಗಾಯದ ಅಳತೆಯಿಂದ ಉಳಿಯುವುದು ವಾರಗಳು, ಲಯ ಸರಿಹೋದರೆ ಉಳಿಯುವುದು ವರ್ಷಗಳು. ಕೂಲಿಯವನಿಗೆ ವಾರಗಳೂ ಬೆಲೆಯುಳ್ಳವೇ. ಆದರೆ ಸಣ್ಣ ಗಾಯದ ಆಸೆಗಾಗಿ ಲಯದ ಚಿಕಿತ್ಸೆಯನ್ನು ಕೈಬಿಡುವುದು ತರವಲ್ಲ. ಎರಡನ್ನೂ ಒಟ್ಟಿಗೆ ಮಾಡಬಲ್ಲ ನುರಿತ ಕೈಗಳಿದ್ದಲ್ಲಿ ಸಂತೋಷ. ಇಲ್ಲದಿದ್ದಲ್ಲಿ ಎದೆಮೂಳೆಯನ್ನು ತೆರೆದಾದರೂ ಕೆಲಸ ಪೂರ್ಣವಾಗಲಿ. ಯೂರೋಪಿನ ಹೃದ್ರೋಗ ತಜ್ಞರ ಸಂಘವು 2024ರ ತನ್ನ ಮಾರ್ಗಸೂಚಿಯಲ್ಲಿ, ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆಗೆ ಒಳಗಾಗುವ, ಲಯಚಿಕಿತ್ಸೆಗೆ ಅರ್ಹರಾದ ಕಂಪನರೋಗಿಗಳಿಗೆ ಅದನ್ನು ಜೊತೆಯಲ್ಲಿಯೇ ಮಾಡಬೇಕೆಂದು ಶಿಫಾರಸು ಮಾಡಿದೆ.

ಮಾತ್ರೆಯ ಮಾತು

ಎಲ್ಲರೂ ಅರ್ಹರಲ್ಲ. ಹೃತ್ಕರ್ಣ ಅತಿಯಾಗಿ ಹಿಗ್ಗಿದ್ದರೆ, ಕಂಪನಕ್ಕೆ ಹತ್ತಾರು ವರ್ಷಗಳಾಗಿದ್ದರೆ ಫಲ ಕಡಿಮೆ. ರೋಗಿ ತೀರ ಬಲಹೀನನಾಗಿದ್ದರೆ ಹೆಚ್ಚಿನ ಹೊತ್ತು ಹೃದಯವನ್ನು ನಿಲ್ಲಿಸುವುದೇ ಅಪಾಯವಾದೀತು. ಕಾಲಿನ ರಕ್ತನಾಳಗಳು ಕೆಟ್ಟವರಿಗೆ, ಬಲಪಕ್ಕೆಯಲ್ಲಿ ಹಿಂದೆ ಶಸ್ತ್ರಚಿಕಿತ್ಸೆಯಾದವರಿಗೆ ಸಣ್ಣ ಗಾಯದ ಮಾರ್ಗ ಒಗ್ಗದಿರಬಹುದು. ಇನ್ನು, ಚಿಕಿತ್ಸೆಯಾದ ಮೊದಲ ಮೂರು ತಿಂಗಳಲ್ಲಿ ಲಯ ಅಷ್ಟಿಷ್ಟು ತಪ್ಪಿದರೆ ಚಿಕಿತ್ಸೆ ವಿಫಲವಾಯಿತೆಂದು ಎದೆಗೆಡಬೇಕಾಗಿಲ್ಲ. ಗಾಯ ಮಾಗುವ ಕಾಲದಲ್ಲಿ ಅದು ಸಾಮಾನ್ಯ.

ಲಯ ಸರಿಹೋಯಿತೆಂದು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವವರುಂಟು. ಇದಕ್ಕಿಂತ ದೊಡ್ಡ ಅನಾಹುತ ಬೇರೆಯಿಲ್ಲ. ಲೋಹದ ಕವಾಟ ಹಾಕಿಸಿಕೊಂಡವರು, ಅದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನರ ನೇತೃತ್ವದಲ್ಲಿ ಸಿದ್ಧವಾಗಿ 1990ರಲ್ಲಿ ಮೊದಲಿಗೆ ರೋಗಿಗೆ ಅಳವಡಿಸಲಾದ ನಮ್ಮ ದೇಶದ ಚಿತ್ರಾ ಕವಾಟವೇ ಆಗಿರಲಿ, ವಿದೇಶದ್ದೇ ಆಗಿರಲಿ, ಲಯ ಹೇಗೇ ಇರಲಿ, ಜೀವಮಾನವಿಡೀ ವಾರ್ಫರಿನ್ ಅಥವಾ ಅಸಿಟ್ರೋಮ್ ಜಾತಿಯ ಮಾತ್ರೆ ನುಂಗಲೇಬೇಕು. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಈ ಪರೀಕ್ಷೆಯ ರಗಳೆ ಬೇಡವೆಂದು ಹೊಸ ಮಾತ್ರೆಗಳಿಗೆ ಬದಲಾಯಿಸಲು ಹೊರಡುವವರಿಗೂ ಒಂದು ಎಚ್ಚರಿಕೆ ಇದೆ. ಭಾರತವೂ ಸೇರಿದಂತೆ 24 ದೇಶಗಳ, ರುಮ್ಯಾಟಿಕ್ ಹೃದ್ರೋಗ ಮತ್ತು ಕಂಪನ ಎರಡೂ ಇದ್ದ ಸುಮಾರು 4,500 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಸ ಮಾತ್ರೆಯಾದ ರಿವರೋಕ್ಸಬಾನ್ ತೆಗೆದುಕೊಂಡವರಿಗಿಂತ ಹಳೆಯ ಜಾತಿಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆಯಾಗಿತ್ತು.

ಹೆರುವ ವಯಸ್ಸಿನ ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ವಾರ್ಫರಿನ್ ಗರ್ಭದ ಶಿಶುವಿಗೆ ಹಾನಿಕರ. ಅಂಥವರಲ್ಲಿ ಸಾಧ್ಯವಿದ್ದಷ್ಟು ಸ್ವಂತ ಕವಾಟವನ್ನೇ ದುರಸ್ತಿ ಮಾಡುವುದು, ಆಗದಿದ್ದರೆ ಪ್ರಾಣಿಗಳ ಅಂಗಾಂಶದ ಕವಾಟವನ್ನು ಆರಿಸಿಕೊಳ್ಳುವುದು ಉಂಟು. ಅಂಗಾಂಶದ ಕವಾಟ ಕೆಲವು ವರ್ಷಗಳಲ್ಲಿ ಸವೆಯುತ್ತದೆಂಬುದು ಅದರ ಕೊರತೆ. ಆದರೆ ಲಯವೂ ಸರಿಹೋಗಿ, ಚೀಲವೂ ಮುಚ್ಚಿದ್ದರೆ, ಮುಂದೆ ವೈದ್ಯರು ಪರೀಕ್ಷಿಸಿ ಮಾತ್ರೆಯಿಂದ ಬಿಡುಗಡೆ ಕೊಡುವ ಸಾಧ್ಯತೆಯಾದರೂ ಅವಳಿಗಿರುತ್ತದೆ. ಮದುವೆಯಾಗಬೇಕಾದ ಮಗಳ ತಂದೆತಾಯಿ ಈ ಮಾತುಗಳನ್ನು ವೈದ್ಯರಿಂದ ಮುಚ್ಚಿಡದೆ, ಸಂಕೋಚಪಡದೆ ಚರ್ಚಿಸಬೇಕು.

ಕೇಳಬೇಕಾದ ಪ್ರಶ್ನೆಗಳು

ಆದುದರಿಂದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವ ಮುನ್ನ ಮನೆಯವರು ಈ ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಲಿ. ಇ.ಸಿ.ಜಿ.ಯಲ್ಲಿ ಲಯ ತಪ್ಪಿದೆಯೇ? ತಪ್ಪಿ ಎಷ್ಟು ಕಾಲವಾಗಿರಬಹುದು? ಎಡ ಹೃತ್ಕರ್ಣ ಎಷ್ಟು ಹಿಗ್ಗಿದೆಯೆಂದು ಎಕೋ ಹೇಳುತ್ತದೆ? ಕವಾಟದೊಡನೆ ಲಯಕ್ಕೂ ಚಿಕಿತ್ಸೆ ಮಾಡುವಿರಾ, ಇಲ್ಲವಾದರೆ ಏಕೆ? ಚೀಲವನ್ನು ಮುಚ್ಚುವಿರಾ? ಕವಾಟ ದುರಸ್ತಿಯೋ, ಬದಲಾವಣೆಯೋ? ಇವೆಲ್ಲ ಆದ ಮೇಲೆ ಕೊನೆಯಲ್ಲಿ ಗಾಯ ಎಲ್ಲಿ, ಎಷ್ಟು ಎಂದು ಕೇಳಬಹುದು. ವೈದ್ಯರನ್ನು ಪ್ರಶ್ನಿಸುವುದು ಅಗೌರವವಲ್ಲ. ಅರಿತು ಒಪ್ಪಿಗೆ ಕೊಡುವುದು ವಿವೇಕವುಳ್ಳ ಮನುಷ್ಯನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಹಣದ ಚಿಂತೆ ಸುಳ್ಳಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ಈ ಯೋಜನೆಯಲ್ಲಿ ವಿಲೀನವಾಗಿದ್ದ ಯಶಸ್ವಿನಿಯೂ ಅನಂತರ ಮತ್ತೆ ಚಾಲನೆಗೆ ಬಂದಿದೆ. ಲಯಚಿಕಿತ್ಸೆಯ ಉಪಕರಣದ ವೆಚ್ಚ ಇವುಗಳಲ್ಲಿ ಸೇರಿದೆಯೇ, ಇಲ್ಲವೇ ಕೈಯಿಂದ ಕೊಡಬೇಕೇ ಎಂಬುದನ್ನು ಮೊದಲೇ ಬರೆಸಿಕೊಂಡರೆ ಕೊನೆಗಳಿಗೆಯ ಸಾಲ ತಪ್ಪೀತು.

ಕಡೆಯದಾಗಿ ಒಂದು ಮಾತು. ಸುಟ್ಟೋ ಹೆಪ್ಪುಗಟ್ಟಿಸಿಯೋ ಬದು ಹಾಕುವ ಈ ಎಲ್ಲ ಜಾಣ್ಮೆ ಬೇಕಾಗಿರುವುದು ಎಂದೋ ಒಂದು ಮಗುವಿನ ಗಂಟಲುನೋವನ್ನು ಹಿರಿಯರು ಕಡೆಗಣಿಸಿದ್ದರಿಂದ. ಜ್ವರದೊಡನೆ ಗಂಟಲು ಕೆಂಪಾಗಿ ನುಂಗಲಾರದ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕೊಟ್ಟ ಔಷಧಿಯನ್ನು ಪೂರ್ತಿ ಮುಗಿಸಿರಿ. ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪದೆ ಕೊಡಿಸಿರಿ. ಶಾಲೆಯ ಉಪಾಧ್ಯಾಯರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಇದನ್ನು ಮನೆಮನೆಗೆ ನೆನಪಿಸಲಿ. ಶಸ್ತ್ರವೈದ್ಯನ ಕೈಗೆ ಬರಬೇಕಾದ ಹೃದಯಗಳ ಸಂಖ್ಯೆಯೇ ಕಡಿಮೆಯಾಗಲಿ.